ಹೈಸ್ಕೂಲಿಗೆ ಬಾರದ ಉಳಿ, ಕರಣೆ

2020ರ ರಾಷ್ಟ್ರೀಯ ಶಿಕ್ಷಣ ನೀತಿ ತನಗೆ ತಾನೇ ಒಂದು ಗಡುವು ಹಾಕಿಕೊಂಡಿತ್ತು. ಶಾಲೆ ಮತ್ತು ಉನ್ನತ ಶಿಕ್ಷಣ ಎರಡೂ ಸೇರಿ ಕನಿಷ್ಠ ಶೇ. 50ರಷ್ಟು ವಿದ್ಯಾರ್ಥಿಗಳಿಗೆ 2025ರೊಳಗೆ ಯಾವುದಾದರೊಂದು ವೃತ್ತಿಶಿಕ್ಷಣದ ಪರಿಚಯವಾಗಿರಬೇಕು ಎಂಬುದು ಅದರ ಗುರಿ. ಈ ಗುರಿ ಏಕೆ ಬೇಕಾಯಿತು ಎಂಬುದಕ್ಕೂ ಅದೇ ದಾಖಲೆಯಲ್ಲಿ ಉತ್ತರವಿದೆ. ಹನ್ನೆರಡನೇ ಪಂಚವಾರ್ಷಿಕ ಯೋಜನೆಯ ಅಂದಾಜಿನಂತೆ 19ರಿಂದ 24 ವರ್ಷದ ಭಾರತೀಯ ದುಡಿಮೆಗಾರರಲ್ಲಿ ಕ್ರಮಬದ್ಧ ವೃತ್ತಿಶಿಕ್ಷಣ ಪಡೆದವರು ಶೇ. 5ಕ್ಕಿಂತ ಕಡಿಮೆ, ಅಮೆರಿಕದಲ್ಲಿ ಈ ಪ್ರಮಾಣ ಶೇ. 52, ಜರ್ಮನಿಯಲ್ಲಿ ಶೇ. 75, ದಕ್ಷಿಣ ಕೊರಿಯಾದಲ್ಲಿ ಶೇ. 96. ಗಡುವಿನ ವರ್ಷ ಈಗ ಕಳೆದುಹೋಗಿದೆ.

ಗುರಿ ಮುಟ್ಟಿತೋ ಇಲ್ಲವೋ ಎಂದು ಎಣಿಸುವುದಕ್ಕಿಂತ ಯಾವ ವೃತ್ತಿಗಳು ಶಾಲೆಯ ಒಳಗೆ ಬಂದವು, ಯಾವುವು ಗೇಟಿನ ಹೊರಗೇ ಉಳಿದವು ಎಂದು ನೋಡುವುದು ಹೆಚ್ಚು ಉಪಯುಕ್ತ. ಸಿಬಿಎಸ್‌ಇ ಒಂಬತ್ತು ಮತ್ತು ಹತ್ತನೇ ತರಗತಿಗಳಿಗೆ ಕೊಡುತ್ತ ಬಂದಿರುವ ಕೌಶಲ ವಿಷಯಗಳ ಪಟ್ಟಿಯಲ್ಲಿ ಮಾಹಿತಿ ತಂತ್ರಜ್ಞಾನವಿದೆ, ರಿಟೇಲ್ ಇದೆ, ಬ್ಯಾಂಕಿಂಗ್ ಮತ್ತು ವಿಮೆ, ಪ್ರವಾಸೋದ್ಯಮ, ಬ್ಯೂಟಿ ಮತ್ತು ವೆಲ್‌ನೆಸ್, ಕೃತಕ ಬುದ್ಧಿಮತ್ತೆ ಎಲ್ಲವೂ ಇವೆ. ಬಡಗಿ ಕೆಲಸವಾಗಲಿ ಗಾರೆ ಕೆಲಸವಾಗಲಿ ಸ್ವತಂತ್ರ ವಿಷಯವಾಗಿ ಅಲ್ಲಿಲ್ಲ. ಮಲ್ಟಿ ಸ್ಕಿಲ್ ಫೌಂಡೇಶನ್ ಎಂಬ ಕೋರ್ಸಿನ ವರ್ಕ್‌ಶಾಪ್ ಭಾಗದಲ್ಲಿ ಮಾತ್ರ ಅವುಗಳ ನೆರಳು ಕಾಣಿಸುತ್ತದೆ. ಪುಣೆಯಂಥ ಊರಿನಲ್ಲಿ ಕುಳಿತು ಈ ಪಟ್ಟಿಯನ್ನು ಓದಿದರೆ ವಿಚಿತ್ರವೆನಿಸುತ್ತದೆ. ಹಿಂಜವಡಿಯಿಂದ ವಾಘೋಲಿಯವರೆಗೆ ಎಲ್ಲಿ ನೋಡಿದರೂ ಸ್ಲ್ಯಾಬ್ ಏರುತ್ತಿದೆ, ಹಳೆಯ ಪೇಟೆಗಳಲ್ಲಿ ವಾಡೆ ಎಂಬ ಹಳೆಯ ದೊಡ್ಡ ಮನೆಗಳು ಬಿದ್ದು ಫ್ಲ್ಯಾಟುಗಳ ಸೊಸೈಟಿಗಳಾಗುತ್ತಿವೆ, ಪ್ರತಿ ಹೊಸ ಫ್ಲ್ಯಾಟಿಗೂ ಕಪಾಟು, ಬಾಗಿಲು, ಅಡುಗೆಮನೆಯ ಟ್ರಾಲಿ ಬೇಕಾಗಿದೆ. ಅಳತೆ ತಪ್ಪದ ಬಡಗಿ, ಗೋಡೆಯನ್ನು ನೆಟ್ಟಗೆ ಎಬ್ಬಿಸುವ ಗೌಂಡಿ ಸಿಕ್ಕರೆ ಅಂಥವರ ಫೋನ್ ನಂಬರನ್ನು ಜನ ಒಳ್ಳೆಯ ಡಾಕ್ಟರರ ನಂಬರಿನಂತೆ ಒಬ್ಬರಿಂದೊಬ್ಬರಿಗೆ ದಾಟಿಸುತ್ತಾರೆ. ಊರಿಗೆ ಅತಿ ಹೆಚ್ಚು ಬೇಕಾದ ವಿದ್ಯೆ ಊರಿನ ಹೈಸ್ಕೂಲುಗಳಲ್ಲಿ ಅತಿ ಕಡಿಮೆ ಕಲಿಸಲ್ಪಡುತ್ತಿದೆ.

ಇದಕ್ಕೆ ಮೊದಲ ಕಾರಣ ಬಹಳ ಸರಳವಾದದ್ದು. ರಿಟೇಲ್ ಕಲಿಸಲು ಒಂದು ಕೋಣೆ, ಒಂದು ಪುಸ್ತಕ, ಒಂದು ಪ್ರೊಜೆಕ್ಟರ್ ಸಾಕು. ಬಡಗಿ ಕೆಲಸಕ್ಕೆ ಗಟ್ಟಿ ಮೇಜುಗಳು ಬೇಕು, ಮರವನ್ನು ಬಿಗಿ ಹಿಡಿಯುವ ವೈಸ್ ಬೇಕು, ಮೂವತ್ತು ಮಕ್ಕಳಿಗೆ ಸಾಲುವಷ್ಟು ಗರಗಸ, ಉಳಿ, ಹತ್ತರಿ, ಕೊಡತಿ, ಮೂಲೆಮಟ್ಟ ಬೇಕು, ಪ್ರತಿ ತಿಂಗಳೂ ಮುಗಿದುಹೋಗುವ ಮರ ಬೇಕು. ಧೂಳು ಏಳುತ್ತದೆ, ಸದ್ದಾಗುತ್ತದೆ, ಬೆರಳು ಕೊಯ್ದುಕೊಳ್ಳುವ ಅಪಾಯವಿರುತ್ತದೆ. ಗಾರೆ ಕೆಲಸಕ್ಕೆ ಅಂಗಳವೇ ಬೇಕು. ಕಟ್ಟಿದ ಗೋಡೆಯನ್ನು ಒಡೆದು, ಇಟ್ಟಿಗೆಗಳನ್ನು ಕೆರೆದು, ಮತ್ತೆ ಕಟ್ಟಿಸಬೇಕು. ನಾಲ್ಕು ಮಹಡಿಯ ಕಟ್ಟಡದಲ್ಲಿ ಆಟದ ಮೈದಾನವೇ ಇಲ್ಲದೆ ನಡೆಯುತ್ತಿರುವ ನಗರದ ಶಾಲೆಯ ಮುಖ್ಯೋಪಾಧ್ಯಾಯರು ಪಟ್ಟಿಯಿಂದ ಮಾಹಿತಿ ತಂತ್ರಜ್ಞಾನವನ್ನು ಆರಿಸಿಕೊಂಡರೆ ಅವರನ್ನು ದೂರುವುದು ಕಷ್ಟ. ನೀತಿಯ ಲೆಕ್ಕದಲ್ಲಿ ಎರಡಕ್ಕೂ ಒಂದೇ ಅಂಕ ಸಿಗುವಾಗ ಯಾರಾದರೂ ಅಗ್ಗವಾದದ್ದನ್ನೇ ಆರಿಸುತ್ತಾರೆ.

ಎರಡನೆಯ ಕಾರಣವನ್ನು ಅಷ್ಟು ಸುಲಭವಾಗಿ ಕ್ಷಮಿಸಲಾಗದು. ಕೈಕೆಲಸವನ್ನು ನಮ್ಮ ಶಿಕ್ಷಣ ವ್ಯವಸ್ಥೆ ಬುದ್ಧಿ ಕಡಿಮೆ ಇರುವವರ ಪಾಲು ಎಂದು ಒಳಗೊಳಗೇ ನಂಬಿದೆ. ಸಿಬಿಎಸ್‌ಇಯಲ್ಲಿ ಕೌಶಲ ವಿಷಯವನ್ನು ಆರನೆಯ ವಿಷಯವಾಗಿ ತೆಗೆದುಕೊಂಡ ವಿದ್ಯಾರ್ಥಿ ಗಣಿತ, ವಿಜ್ಞಾನ ಅಥವಾ ಸಮಾಜ ವಿಜ್ಞಾನದಲ್ಲಿ ನಪಾಸಾದರೆ ಆ ಜಾಗಕ್ಕೆ ಕೌಶಲ ವಿಷಯದ ಅಂಕವನ್ನು ತಂದು ಕೂರಿಸುವ ಅವಕಾಶವಿದೆ. ಮಕ್ಕಳಿಗೆ ಇದು ನೆರವಾಗುತ್ತದೆ, ನಿಜ. ಆದರೆ ಪಾಲಕರಿಗೂ ಮಕ್ಕಳಿಗೂ ಇದರಿಂದ ತಲುಪುವ ಸಂದೇಶ ಏನೆಂದರೆ ಗಣಿತ ಬಾರದವನಿಗೆ ಇದು ಆಸರೆ ಎಂಬುದು. ಐಟಿಐ ಪ್ರವೇಶದ ನಿಯಮಗಳಲ್ಲಿಯೂ ಇದೇ ಮನೋಭಾವ ಕಾಣುತ್ತದೆ. ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡು ವರ್ಷದ ಕೋರ್ಸುಗಳು, ಅವಕ್ಕೆ ಗಣಿತ ಮತ್ತು ವಿಜ್ಞಾನ ಓದಿ ಹತ್ತನೇ ತರಗತಿ ಪಾಸಾಗಿರಬೇಕು. ಬಡಗಿ ಮತ್ತು ಗಾರೆ ಕೆಲಸ ಒಂದೊಂದು ವರ್ಷದವು, ಅವಕ್ಕೆ ಎಂಟನೇ ತರಗತಿ ಸಾಕೆಂಬುದು ಬಹುಕಾಲದಿಂದ ನಡೆದುಬಂದ ಕ್ರಮ.

ಬಡಗಿ ಕೆಲಸಕ್ಕೆ ಕಡಿಮೆ ಗಣಿತ ಸಾಕು ಎಂಬ ಈ ನಂಬಿಕೆ ಒಂದೇ ಒಂದು ಪ್ಲೈವುಡ್ ಹಾಳೆಯ ಮುಂದೆ ನಿಲ್ಲುವುದಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಹಾಳೆ 8 ಅಡಿ ಉದ್ದ, 4 ಅಡಿ ಅಗಲ. ಅಗಲ ಅಂದರೆ 48 ಇಂಚು. ಕಪಾಟಿನ ಬಾಗಿಲುಗಳಿಗೆ 16 ಇಂಚು ಅಗಲದ ಮೂರು ಹಲಗೆಗಳು ಬೇಕು ಎಂದುಕೊಳ್ಳೋಣ. ಕಾಗದದ ಮೇಲೆ ಮೂರೂ ಸರಿಯಾಗಿ ಕೂರುತ್ತವೆ, ಚೂರೂ ವ್ಯರ್ಥವಾಗುವುದಿಲ್ಲ. ವರ್ಕ್‌ಶಾಪಿನಲ್ಲಿ ಕೂರುವುದಿಲ್ಲ. ಗರಗಸದ ಅಲಗು ಪ್ರತಿ ಸಲ ಹಾಯ್ದಾಗಲೂ ಸುಮಾರು 3 ಮಿಲಿಮೀಟರ್ ಮರವನ್ನು ಪುಡಿ ಮಾಡುತ್ತದೆ. ಎರಡು ಸಲ ಕೊಯ್ದರೆ 6 ಮಿಲಿಮೀಟರ್ ಹೋಯಿತು, ಮೂರನೆಯ ಹಲಗೆ ಅಷ್ಟು ಕಿರಿದಾಯಿತು, ಅದರ ಬಾಗಿಲು ಚೌಕಟ್ಟಿಗೆ ಹೊಂದಲಿಲ್ಲ. ಹಾಗಾದರೆ ಮೂರನ್ನೂ ಎರಡೆರಡು ಮಿಲಿಮೀಟರ್ ಕಿರಿದು ಮಾಡಬೇಕೆ, ಅಥವಾ ಎರಡನ್ನು ಇಲ್ಲಿಂದ, ಒಂದನ್ನು ಬೇರೆ ಹಾಳೆಯಿಂದ ತೆಗೆದು ಉಳಿದ ಪಟ್ಟಿಯನ್ನು ಒಳಗಿನ ತಟ್ಟೆಗಳಿಗೆ ಬಳಸಬೇಕೆ? ಮೇಲ್ಮೈಯ ನಾರಿನ ಗೆರೆ ಬಾಗಿಲಿನಲ್ಲಿ ಉದ್ದುದ್ದ ಬರಬೇಕಾದ್ದರಿಂದ ಹಲಗೆಯನ್ನು ಅಡ್ಡ ತಿರುಗಿಸಿ ಕೊಯ್ಯುವ ಹಾಗೂ ಇಲ್ಲ. ಹತ್ತು ಹಾಳೆಯ ಕೆಲಸದಲ್ಲಿ ಈ ಲೆಕ್ಕ ಬಲ್ಲವನು ಒಂದು ಹಾಳೆ ಉಳಿಸುತ್ತಾನೆ, ಬಾರದವನು ಒಂದು ಹೆಚ್ಚಿಗೆ ತರಿಸುತ್ತಾನೆ.

ಗೌಂಡಿಯ ಕೆಲಸದಲ್ಲಿಯೂ ಹೀಗೆಯೇ. ಪಾಯದ ಮೂಲೆ ಲಂಬಕೋನದಲ್ಲಿದೆಯೇ ಎಂದು ನೋಡಲು ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಮಾಡಿ, ಆ ಎರಡು ಗುರುತುಗಳ ನಡುವೆ ಟೇಪಿನಲ್ಲಿ 5 ಅಡಿ ಬರುತ್ತದೆಯೇ ಎಂದು ಅಳೆಯುತ್ತಾರೆ. ಪೈಥಾಗೊರಸನ ಅದೇ ಪ್ರಮೇಯವನ್ನು ನಮ್ಮ ಮಕ್ಕಳು ಪರೀಕ್ಷೆಗಾಗಿ ಕಂಠಪಾಠ ಮಾಡುತ್ತಾರೆ, ಶಾಲೆಯ ಆಟದ ಅಂಗಳದಲ್ಲಿ ಎರಡು ಗೂಟ ನೆಟ್ಟು ದಾರ ಎಳೆದು ಒಮ್ಮೆಯೂ ನೋಡುವುದಿಲ್ಲ. ಎಂ-20 ದರ್ಜೆಯ ಕಾಂಕ್ರೀಟಿಗೆ ಸಿಮೆಂಟು, ಮರಳು, ಜಲ್ಲಿಗಳ 1:1.5:3 ಎಂಬ ಮಿಶ್ರಣದಲ್ಲಿ ಅನುಪಾತದ ಪಾಠವಿದೆ. ಸ್ಲ್ಯಾಬಿನ ಮೇಲೆ ಕನಿಷ್ಠ ಏಳು ದಿನ ನೀರು ನಿಲ್ಲಿಸುವುದೇಕೆ ಎಂಬುದರಲ್ಲಿ ರಸಾಯನ ವಿಜ್ಞಾನವಿದೆ. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂದು ತಿಳಿದವರೇ ಹೆಚ್ಚು. ಅದು ನೀರಿನೊಡನೆ ಕೂಡಿ ಗಟ್ಟಿಯಾಗುತ್ತದೆ, ಬೇಗ ಒಣಗಿದರೆ ಸೊರಗುತ್ತದೆ.

ಇದನ್ನೆಲ್ಲ ಶಾಲೆಯಲ್ಲಿ ಕಲಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಪುಣೆ ಜಿಲ್ಲೆಯಲ್ಲೇ ನಾಲ್ಕು ದಶಕಗಳ ಹಳೆಯ ಉತ್ತರವಿದೆ. ಹಿಂದುಸ್ತಾನ್ ಲಿವರ್ ಸಂಶೋಧನಾ ಕೇಂದ್ರದ ಕೆಲಸ ಬಿಟ್ಟು ಬಂದ ವಿಜ್ಞಾನಿ ಡಾ. ಶ್ರೀನಾಥ ಕಲಬಾಗ್ 1983ರಲ್ಲಿ ಶಿರೂರು ತಾಲ್ಲೂಕಿನ ಪಾಬಳ್ ಎಂಬ ಬರಪೀಡಿತ ಹಳ್ಳಿಯಲ್ಲಿ ವಿಜ್ಞಾನ ಆಶ್ರಮವನ್ನು ಆರಂಭಿಸಿದರು. ಅಲ್ಲಿಂದ ಹುಟ್ಟಿದ ಕಾರ್ಯಕ್ರಮ ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೆ ವಾರದಲ್ಲಿ ಒಂದು ದಿನವನ್ನು ಕೈಕೆಲಸಕ್ಕೆ ಮೀಸಲಿಟ್ಟಿತು. ವರ್ಕ್‌ಶಾಪ್ ಮತ್ತು ಕಟ್ಟಡ ಕೆಲಸ, ಶಕ್ತಿ ಮತ್ತು ಪರಿಸರ, ಕೃಷಿ ಮತ್ತು ಪಶುಪಾಲನೆ, ಮನೆ ಮತ್ತು ಆರೋಗ್ಯ ಎಂಬ ನಾಲ್ಕು ವಿಭಾಗಗಳಲ್ಲಿ ಎಲ್ಲ ಮಕ್ಕಳೂ, ಹುಡುಗಿಯರೂ ಸೇರಿ, ಸುತ್ತುತ್ತಾರೆ. ಮಹಾರಾಷ್ಟ್ರದ ಶಿಕ್ಷಣ ಮಂಡಳಿ ಇದನ್ನು ಹತ್ತನೇ ತರಗತಿಯ ಪರೀಕ್ಷಾ ವಿಷಯವಾಗಿ ಒಪ್ಪಿಕೊಂಡಿತು. ಉಕ್ಕಿನ ಕೋಲುಗಳನ್ನು ತ್ರಿಕೋನಗಳಾಗಿ ಜೋಡಿಸಿ ಮೇಲೆ ಫೆರೊಸಿಮೆಂಟ್ (ತಂತಿಬಲೆಗೆ ಬಳಿದ ಸಿಮೆಂಟು ಗಾರೆ) ಹೊದಿಸಿ ಕಟ್ಟುವ ಗುಮ್ಮಟದಾಕಾರದ ಮನೆಗಳು ‘ಪಾಬಳ್ ಡೋಮ್’ ಎಂದೇ ಹೆಸರಾದವು. 1993ರ ಲಾತೂರ್ ಭೂಕಂಪದ ನಂತರ ಅವುಗಳ ಕಡೆ ಹೆಚ್ಚಿನ ಗಮನ ಹರಿಯಿತು. ನನ್ನ ದೃಷ್ಟಿಯಲ್ಲಿ ಪಾಬಳಿನ ದೊಡ್ಡ ಸಂಗತಿ ಡೋಮ್ ಅಲ್ಲ. ಮಕ್ಕಳು ಮಾಡಿದ ವಸ್ತು ಊರಿನವರ ಉಪಯೋಗಕ್ಕೆ ಹೋಗುತ್ತಿತ್ತು, ಅದಕ್ಕೆ ಅವರು ಹಣ ಕೊಡುತ್ತಿದ್ದರು. ಅಭ್ಯಾಸಕ್ಕೆಂದು ಮಾಡಿದ ಸ್ಟೂಲು ಕುಂಟಿದರೆ ಯಾರೂ ಕೇಳುವುದಿಲ್ಲ, ಹಣ ಕೊಟ್ಟವನ ಮನೆಯ ಸ್ಟೂಲು ಕುಂಟಿದರೆ ಅವನು ಮರುದಿನವೇ ಶಾಲೆಯ ಬಾಗಿಲಿಗೆ ಬರುತ್ತಾನೆ.

ಇಷ್ಟು ಚೆನ್ನಾಗಿದ್ದ ಮೇಲೆ ಇದು ಎಲ್ಲ ಶಾಲೆಗಳಿಗೂ ಏಕೆ ಹಬ್ಬಲಿಲ್ಲ ಎಂದರೆ ಈ ದೇಶದಲ್ಲಿ ಇಂಥ ಪ್ರಯತ್ನಗಳ ಚರಿತ್ರೆಯನ್ನೇ ನೋಡಬೇಕಾಗುತ್ತದೆ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕರೆದ ಸಭೆಯಿಂದ, ಕೈಕೆಲಸದ ಮೂಲಕವೇ ಪಾಠ ಕಲಿಸುವ ನಯೀ ತಾಲೀಮ್ ಹುಟ್ಟಿತು, ಜಾಕಿರ್ ಹುಸೇನರ ಸಮಿತಿ ಪಠ್ಯಕ್ರಮ ಬರೆಯಿತು. 1952-53ರ ಮುದಲಿಯಾರ್ ಆಯೋಗ ವಿವಿಧೋದ್ದೇಶ ಶಾಲೆಗಳನ್ನು ಹೇಳಿತು, ಕೊಠಾರಿ ಆಯೋಗ ಕಾರ್ಯಾನುಭವವನ್ನು ಹೇಳಿತು. 1986ರ ನೀತಿ ಹತ್ತನೆಯ ನಂತರದ ಹಂತದಲ್ಲಿ 1990ಕ್ಕೆ ಶೇ. 10, 1995ಕ್ಕೆ ಶೇ. 25ರಷ್ಟು ವಿದ್ಯಾರ್ಥಿಗಳನ್ನು ವೃತ್ತಿಶಿಕ್ಷಣಕ್ಕೆ ತರುವ ಗುರಿ ಇಟ್ಟಿತು. ಹತ್ತರ ನಂತರದ ವೃತ್ತಿ ಕೋರ್ಸುಗಳಾಗಿ ಮಹಾರಾಷ್ಟ್ರದಲ್ಲಿ ಎಂಸಿವಿಸಿ, ಕರ್ನಾಟಕದಲ್ಲಿ ಜೆಒಸಿ ಬಂದವು. ಜೆಒಸಿ ಮುಚ್ಚಿದ್ದು, ಅದರ ಅರೆಕಾಲಿಕ ಉಪನ್ಯಾಸಕರು ವರ್ಷಗಟ್ಟಲೆ ಹೋರಾಡಿದ್ದು ಕನ್ನಡದ ಓದುಗರಿಗೆ ಹೊಸದಾಗಿ ಹೇಳಬೇಕಾದ ಕಥೆಯಲ್ಲ.

ಈ ಸಾಲಿನಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದ್ದು 1953ರ ಮದರಾಸು ಪ್ರಸಂಗ. ಮುಖ್ಯಮಂತ್ರಿ ರಾಜಾಜಿ ಗ್ರಾಮೀಣ ಪ್ರಾಥಮಿಕ ಶಾಲೆಗಳ ಪಾಠದ ಅವಧಿಯನ್ನು ಕಡಿಮೆ ಮಾಡಿ, ಉಳಿದ ಹೊತ್ತು ಮಕ್ಕಳು ಮನೆಯಲ್ಲಿ ತಂದೆಯ ಕಸುಬು ಕಲಿಯಲಿ ಎಂಬ ಯೋಜನೆ ತಂದರು. ಆಗ ದಕ್ಷಿಣ ಕನ್ನಡವೂ ಮದರಾಸು ರಾಜ್ಯದಲ್ಲೇ ಇತ್ತು ಎಂಬುದನ್ನು ಪುಣೆ, ಮುಂಬಯಿಗಳ ಕರಾವಳಿ ಕನ್ನಡಿಗರು ನೆನೆಯಬೇಕು. ಬಡಗಿಯ ಮಗ ಬಡಗಿಯಾಗಿ, ಕುಂಬಾರನ ಮಗ ಕುಂಬಾರನಾಗಿಯೇ ಉಳಿಯಲಿ ಎಂಬ ಕುಲಕಸುಬಿನ ಶಿಕ್ಷಣ ಇದು ಎಂದು ದ್ರಾವಿಡ ಚಳವಳಿ ಎದ್ದಿತು, ಕಾಂಗ್ರೆಸ್ಸಿನ ಒಳಗೂ ವಿರೋಧ ಬೆಳೆಯಿತು. 1954ರಲ್ಲಿ ರಾಜಾಜಿ ಹುದ್ದೆ ಬಿಟ್ಟರು, ಅನಂತರ ಬಂದ ಕಾಮರಾಜರು ಯೋಜನೆಯನ್ನು ಕೈಬಿಟ್ಟರು. ವಿರೋಧಿಸಿದವರು ಕೈಕೆಲಸವನ್ನು ಕೀಳೆಂದು ತಿಳಿದವರಲ್ಲ. ಯಾರ ಮಕ್ಕಳಿಗೆ ಗರಗಸ, ಯಾರ ಮಕ್ಕಳಿಗೆ ಪುಸ್ತಕ ಎಂಬುದನ್ನು ಹುಟ್ಟು ತೀರ್ಮಾನಿಸುವುದನ್ನು ಅವರು ಒಪ್ಪಲಿಲ್ಲ. ವೃತ್ತಿಶಿಕ್ಷಣದ ಬಗ್ಗೆ ಇಂದು ಬರೆಯುವ ಅನೇಕರು ಜರ್ಮನಿಯ ಉದಾಹರಣೆ ಕೊಡುತ್ತಾರೆ, ಈ ಪ್ರಸಂಗವನ್ನು ಮರೆಯುತ್ತಾರೆ. ಜಾತಿಯೊಂದಿಗೆ ಕಸುಬು ಅಂಟಿಕೊಂಡಿರುವ ಸಮಾಜದಲ್ಲಿ ವೃತ್ತಿಶಿಕ್ಷಣವನ್ನು ಕೆಲವರಿಗೆ ಮಾತ್ರ ಇಟ್ಟರೆ ಅದು ಆ ಕೆಲವರ ಜಾತಿಯನ್ನೇ ಮತ್ತೆ ಬರೆಯುತ್ತದೆ.

ಪುಣೆಯ ಕನ್ನಡಿಗರ ನಡುವೆಯೇ ಈ ಪ್ರಶ್ನೆಯ ಎರಡು ಮುಖಗಳಿವೆ. ಬಾಣೇರ, ಹಿಂಜವಡಿ ಕಡೆ ನೆಲೆಸಿರುವ ಸಾಫ್ಟ್‌ವೇರ್ ಕುಟುಂಬಗಳ ಮಕ್ಕಳು ರೋಬೋಟಿಕ್ಸ್ ತರಗತಿಗೆ ಹೋಗುತ್ತಾರೆ, ಒಂದು ಮೊಳೆಯನ್ನು ಬಾಗಿಸದೆ ಹೊಡೆಯುವುದು ಅವರಿಗೆ ತಿಳಿಯದು. ಇತ್ತ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು ವಾರ್ಜೆಯಂಥ ಕಡೆ ಬೆಳಗಿನ ಮಜೂರ್ ಅಡ್ಡೆಗಳಲ್ಲಿ ಬುತ್ತಿ ಹಿಡಿದು ನಿಲ್ಲುವ ಕುಟುಂಬಗಳ ಮಕ್ಕಳು ಬಹುಪಾಲು ಮಹಾನಗರಪಾಲಿಕೆಯ ಮರಾಠಿ ಶಾಲೆಗಳಲ್ಲಿದ್ದಾರೆ. ಸೈಟು ಬದಲಾದಂತೆ ಶಾಲೆ ತಪ್ಪುವ ಇಂಥ ಮಕ್ಕಳಿಗಾಗಿಯೇ ಡೋರ್ ಸ್ಟೆಪ್ ಸ್ಕೂಲ್‌ನಂಥ ಸಂಸ್ಥೆಗಳು ಮುಂಬಯಿ, ಪುಣೆಗಳಲ್ಲಿ ದಶಕಗಳಿಂದ ಕೆಲಸ ಮಾಡುತ್ತಿವೆ. ಮಗನಿಗೆ ಶಾಲೆಯಲ್ಲಿ ಗಾರೆ ಕೆಲಸ ಹೇಳಿಕೊಡುತ್ತಾರಂತೆ ಎಂದರೆ “ಕರಣಿ ಹಿಡ್ಯಾಕ ಸಾಲಿ ಯಾಕ ಬೇಕ್ರಿ, ಅದು ಮನ್ಯಾಗ ಐತಲ್ಲ” ಎನ್ನುವ ತಂದೆಯನ್ನು ಈ ಅಡ್ಡೆಗಳಲ್ಲಿ ಹುಡುಕಬೇಕಾಗಿಲ್ಲ. ಅವನ ಮಾತು ನ್ಯಾಯವಾದದ್ದು. ಮಗ ತನ್ನಂತೆ ಬಿಸಿಲಿನಲ್ಲಿ ನಿಲ್ಲಬಾರದೆಂದೇ ಅವನು ಶಾಲೆಗೆ ಕಳಿಸಿದ್ದು.

ಆದರೆ ಆ ತಂದೆಗೆ ಗೊತ್ತಿರುವ ಇನ್ನೊಂದು ಸಂಗತಿಯೂ ಇದೆ. ಸೈಟಿನಲ್ಲಿ ಹೆಲ್ಪರ್ ಆಗಿ ಸೇರಿದವನು ಮಿಸ್ತ್ರಿಯಾಗಲು ವರ್ಷಗಳು ಹಿಡಿಯುತ್ತವೆ, ಮಿಸ್ತ್ರಿಯಾದವನು ನಕ್ಷೆ ಓದಲು ಬಾರದ್ದರಿಂದ ಅಲ್ಲೇ ನಿಲ್ಲುತ್ತಾನೆ. ನಕ್ಷೆ ಓದಬಲ್ಲ, ಎಷ್ಟು ಇಟ್ಟಿಗೆ, ಎಷ್ಟು ಚೀಲ ಸಿಮೆಂಟು ಎಂದು ಕಾಗದದ ಮೇಲೆ ಲೆಕ್ಕ ತೆಗೆದು ಕೊಡಬಲ್ಲ, ಕೊಟೇಶನ್ ಬರೆಯಬಲ್ಲ ಒಬ್ಬನೇ ಮುಂದೆ ಕಾಂಟ್ರ್ಯಾಕ್ಟರ್ ಆಗುವುದು. ಕರಣೆ ಮನೆಯಲ್ಲಿದೆ ಎಂಬುದು ನಿಜ, ನಕ್ಷೆ ಮನೆಯಲ್ಲಿಲ್ಲ. ಶಾಲೆ ಕೊಡಬೇಕಾದ್ದು ಅದನ್ನು. ಹಾಗೆಯೇ ಸಾಫ್ಟ್‌ವೇರ್ ಕುಟುಂಬದ ಮಗಳಿಗೆ ಶಾಲೆ ಕೊಡಬೇಕಾದ್ದು ಕರಣೆಯನ್ನು. ಇಬ್ಬರೂ ಒಂದೇ ಮೇಜಿನಲ್ಲಿ ಒಂದೇ ಕೆಲಸ ಮಾಡದ ಹೊರತು ಈ ವಿಷಯಕ್ಕೆ ಅಂಟಿದ ಕೀಳರಿಮೆ ಹೋಗದು ಎಂಬುದು ನನ್ನ ವಾದ. ಆದ್ದರಿಂದ ಎಂಟರಿಂದ ಹತ್ತನೇ ತರಗತಿಯವರೆಗೆ ಮರಗೆಲಸ ಮತ್ತು ಕಟ್ಟಡ ಕೆಲಸ ಎಲ್ಲರಿಗೂ ಇರಬೇಕು, ಆಯ್ಕೆಯ ಪ್ರಶ್ನೆ ಹತ್ತರ ನಂತರ ಬರಬೇಕು. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಜೀವಿಗಳೊಡನೆ ಕೆಲಸ, ಯಂತ್ರ ಮತ್ತು ವಸ್ತುಗಳೊಡನೆ ಕೆಲಸ, ಮನುಷ್ಯರ ಸೇವೆಯ ಕೆಲಸ ಎಂದು ವಿಂಗಡಿಸಿ ಎಲ್ಲ ಮಕ್ಕಳೂ ಮೂರನ್ನೂ ಮುಟ್ಟಬೇಕೆಂದು ಹೇಳುವಾಗ ಇದೇ ದಿಕ್ಕಿನಲ್ಲಿದೆ. ಎರಡನೆಯ ಗುಂಪಿನಲ್ಲಿ ಮಕ್ಕಳ ಕೈಗೆ ಏನು ಕೊಡುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕಲಿಸುವವರು ಯಾರು? ಸಮಗ್ರ ಶಿಕ್ಷಣ ಯೋಜನೆಯಡಿ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ನಡೆಯುವ ವೃತ್ತಿಶಿಕ್ಷಣದಲ್ಲಿ ಹಲವು ರಾಜ್ಯಗಳು ತರಬೇತುದಾರರನ್ನು ಏಜೆನ್ಸಿಗಳ ಮೂಲಕ ಗುತ್ತಿಗೆಯಲ್ಲಿ ತೆಗೆದುಕೊಳ್ಳುತ್ತವೆ. ಸಾಮಾನ್ಯವಾಗಿ ಡಿಪ್ಲೊಮಾ ಅಥವಾ ಪದವಿ ಕೇಳಲಾಗುತ್ತದೆ, ಸಂಬಳದ ತಡ, ವರ್ಷದ ಕೊನೆಗೆ ಕೆಲಸದ ಅನಿಶ್ಚಿತತೆ ಮಾಮೂಲು. ಮೂವತ್ತು ವರ್ಷ ಹತ್ತರಿ ಹೊಡೆದ ಬಡಗಿಗೆ ಈ ಬಾಗಿಲು ಮುಚ್ಚಿದೆ, ಸಿವಿಲ್ ಡಿಪ್ಲೊಮಾ ಮುಗಿಸಿ ಒಂದು ಗೂಡು-ಕಚ್ಚು ಜೋಡಣೆಯನ್ನೂ ಸ್ವತಃ ಕೆತ್ತದ ಯುವಕನಿಗೆ ತೆರೆದಿದೆ. ಸ್ಥಳೀಯ ಕುಶಲಕರ್ಮಿಗಳನ್ನು ಶಾಲೆಗಳು ‘ಮಾಸ್ಟರ್ ಇನ್‌ಸ್ಟ್ರಕ್ಟರ್’ ಆಗಿ ಕರೆಯಬಹುದೆಂದು 2020ರ ನೀತಿಯೇ ಹೇಳಿದೆ. ವಾರಕ್ಕೆ ಎರಡು ದಿನ ಬಂದು ಹೋಗುವ ಮಿಸ್ತ್ರಿಗೆ ಅವನ ದಿನಗೂಲಿಗಿಂತ ಕಡಿಮೆಯಲ್ಲದ ಗೌರವಧನ ಕೊಟ್ಟು, ಜೊತೆಗೆ ಗಣಿತದ ಶಿಕ್ಷಕರೊಬ್ಬರನ್ನು ಅದೇ ಕೋಣೆಯಲ್ಲಿ ನಿಲ್ಲಿಸಿದರೆ ಸಾಕು. ಅಂಕ ಹಾಕುವುದು, ರಿಜಿಸ್ಟರ್ ತುಂಬುವುದು ಶಿಕ್ಷಕರ ಕೆಲಸ. ಉಳಿ ಹೇಗೆ ಮಸೆಯಬೇಕು ಎಂದು ತೋರಿಸುವುದು ಮಿಸ್ತ್ರಿಯ ಕೆಲಸ. ಮಕ್ಕಳು ಆ ಮನುಷ್ಯನನ್ನು ಸರ್ ಎಂದು ಕರೆಯುವ ಕೋಣೆ ಅದಾಗಬೇಕು.

ಪಠ್ಯದ ಭಾಷೆಯ ತೊಡಕು ಅಷ್ಟು ದೊಡ್ಡದಲ್ಲ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿ ಸೊಲ್ಲಾಪುರ, ಸಾಂಗ್ಲಿ ಜಿಲ್ಲೆಗಳ ಕನ್ನಡ ಮಾಧ್ಯಮ ಶಾಲೆಗಳಿಗಾಗಿ ಗಣಿತ, ವಿಜ್ಞಾನವನ್ನು ಕನ್ನಡದಲ್ಲಿ ಮುದ್ರಿಸುತ್ತಲೇ ಇದೆ. ವರ್ಕ್‌ಶಾಪಿನ ಕೈಪಿಡಿಯನ್ನೂ ಅದೇ ಮುದ್ರಿಸಬಹುದು.

ಹತ್ತರ ನಂತರ ಏನು ಎಂಬುದು ನಿಜಕ್ಕೂ ಬಿಗಿಯಾದ ಗಂಟು. ಕಟ್ಟಡ ಕಾರ್ಮಿಕರಿಗಾಗಿ 1996ರ ಕಾಯ್ದೆಯಿಂದ ಬಂದ ನಿಯಮದಂತೆ ಫಲಾನುಭವಿಯಾಗಿ ನೋಂದಾಯಿಸಿಕೊಳ್ಳಲು 18 ವರ್ಷ ತುಂಬಿರಬೇಕು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ ಮತ್ತು ಗಾರೆ ಕೆಲಸ ಸೇರಿ 18 ಕಸುಬುಗಳಿವೆ, ಉಪಕರಣಗಳಿಗೆ 15,000 ರೂಪಾಯಿಯವರೆಗೆ ನೆರವಿದೆ, ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ರೂಪಾಯಿ ಸಾಲವಿದೆ; ಅದಕ್ಕೂ 18 ವರ್ಷ ಬೇಕು. ಎತ್ತರದಲ್ಲಿ, ಯಂತ್ರಗಳ ನಡುವೆ ಹದಿನಾರರ ಹುಡುಗರನ್ನು ನಿಲ್ಲಿಸದಿರುವುದು ಸರಿಯಾದ ಕಾನೂನು, ಅದನ್ನು ಸಡಿಲಿಸಬೇಕೆಂದು ಯಾರೂ ಹೇಳಬಾರದು. ಹಾಗಾದರೆ ಹದಿನಾರಕ್ಕೆ ಹತ್ತನೇ ತರಗತಿ ಮುಗಿಸಿದವನು ಎರಡು ವರ್ಷ ಎಲ್ಲಿರಬೇಕು? ಇಲ್ಲಿ ಉತ್ತರವಿಲ್ಲದಿದ್ದರೆ ಅವನು ಕಾನೂನಿನ ಕಣ್ಣಿಗೆ ಬೀಳದ ಸಣ್ಣ ಸೈಟಿನಲ್ಲಿ ಹೆಲ್ಪರ್ ಆಗುತ್ತಾನೆ, ಶಾಲೆಯಲ್ಲಿ ಕಲಿತದ್ದಕ್ಕೆ ಅಲ್ಲಿ ಬೆಲೆಯಿಲ್ಲ.

ಆ ಎರಡು ವರ್ಷವನ್ನು ತುಂಬಬೇಕಾದದ್ದು ಐಟಿಐ. ಶಾಲೆಯಲ್ಲಿ ಮೂರು ವರ್ಷ ವರ್ಕ್‌ಶಾಪ್ ಮುಗಿಸಿ ಬಂದವನನ್ನು ಇಂದು ಐಟಿಐ ಮತ್ತೆ ಮೊದಲಿನಿಂದ ಉಳಿ ಹಿಡಿಯಲು ಕೂರಿಸುತ್ತದೆ. 2013ರಲ್ಲಿ ಅಧಿಸೂಚಿತವಾದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ ಉದ್ದೇಶವೇ ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ಲೆಕ್ಕಕ್ಕೆ ಬರಲಿ ಎಂಬುದು. ಅದರಂತೆ ಅವನನ್ನು ನೇರವಾಗಿ ನಕ್ಷೆ, ಅಂದಾಜುಪಟ್ಟಿ, ಯಂತ್ರದ ಮರಗೆಲಸಕ್ಕೆ ಕೂರಿಸಿ, ಎರಡನೆಯ ವರ್ಷದಲ್ಲಿ ಫರ್ನಿಚರ್ ಕಾರ್ಖಾನೆಯಲ್ಲೋ ಸುರಕ್ಷತೆಯ ಉಸ್ತುವಾರಿಯಿರುವ ವರ್ಕ್‌ಶಾಪಿನಲ್ಲೋ 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡಿನೊಂದಿಗೆ ಇಡಬಹುದು. ಹದಿನೆಂಟಕ್ಕೆ ಹೊರಬರುವಾಗ ಅವನು ಪಾಲಿಟೆಕ್ನಿಕ್‌ಗೆ ಹೋಗಲೂ ಅರ್ಹನಾಗಿರಬೇಕು, ಹೋಗದೆ ಸ್ವಂತ ಕೆಲಸ ಹಿಡಿಯಲೂ ಶಕ್ತನಾಗಿರಬೇಕು.

ಹಣದ ಮಾತು ಬಂದಾಗ ಶಾಲೆಗಳು ಕೈ ಚೆಲ್ಲುತ್ತವೆ. ಕಟ್ಟಡ ನಿರ್ಮಾಣದ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ಕಾರ್ಮಿಕ ಕಲ್ಯಾಣ ಮಂಡಳಿಗೆ ಹೋಗುತ್ತದೆ; ಈ ನಿಧಿ ಕಾರ್ಮಿಕರಿಗೆ ತಲುಪದೆ ಉಳಿಯುತ್ತಿರುವುದನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಕಟುವಾಗಿ ಟೀಕಿಸಿತ್ತು. ನೋಂದಾಯಿತ ಕಾರ್ಮಿಕರ ಮಕ್ಕಳ ಓದಿಗೆ ಮಂಡಳಿ ಈಗಾಗಲೇ ನೆರವು ಕೊಡುತ್ತದೆ. ಆ ಮಕ್ಕಳು ಹೆಚ್ಚಾಗಿರುವ ಪಾಲಿಕೆಯ ಶಾಲೆಗಳಲ್ಲಿ ಒಂದೊಂದು ವರ್ಕ್‌ಶಾಪ್ ಕಟ್ಟಿಸುವುದು ಅದರ ಉದ್ದೇಶಕ್ಕೆ ಹೊರತಲ್ಲ, ಮಂಡಳಿಯ ನಿಯಮದಲ್ಲಿ ಜಾಗ ಮಾಡಿಕೊಟ್ಟರೆ ಸಾಕು. ಪ್ರತಿ ಶಾಲೆಯಲ್ಲೂ ವರ್ಕ್‌ಶಾಪ್ ಬೇಕೆಂದೇನೂ ಇಲ್ಲ. ನಾಲ್ಕೈದು ಶಾಲೆಗಳ ನಡುವೆ ಒಂದಿದ್ದು ವಾರದ ದಿನಗಳನ್ನು ಹಂಚಿಕೊಂಡರೆ ಉಪಕರಣಗಳೂ ಮಿಸ್ತ್ರಿಯೂ ಖಾಲಿ ಕೂರುವುದಿಲ್ಲ. ಕನ್ನಡಕ, ಕೈಗವಸು, ಧೂಳಿನ ಮುಖಗವಸು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮತ್ತು ಮಕ್ಕಳ ಅಪಘಾತ ವಿಮೆ ಮೊದಲ ದಿನದ ಖರ್ಚಿನಲ್ಲೇ ಸೇರಿರಬೇಕು, ಏಕೆಂದರೆ ಒಂದು ಶಾಲೆಯಲ್ಲಿ ಒಂದು ಬೆರಳು ತುಂಡಾದರೆ ಉಳಿದ ಎಲ್ಲ ಶಾಲೆಗಳ ವರ್ಕ್‌ಶಾಪಿಗೂ ಬೀಗ ಬೀಳುತ್ತದೆ.